ಬೊಂಬೆಚಿತ್ರದ ಗುಪ್ತ ರಸಿಕರು

ನಂದಿಬೆಟ್ಟದ ಸಾಲಿನ ತಪ್ಪಲಲ್ಲಿರುವ ಮುದ್ದೇನಹಳ್ಳಿಗೆ ಜಪಾನ್ ದೇಶದ ಹೆಸರು ಅಪರಿಚಿತವಾದುದಲ್ಲ. 1861ರಲ್ಲಿ ಈ ಊರಿನಲ್ಲಿ ಜನಿಸಿದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು, ಮುಂಬಯಿ ಸರ್ಕಾರದ ಸೇವೆಯಲ್ಲಿದ್ದ ಕಾಲದಲ್ಲಿಯೇ, 1898ರಲ್ಲಿ ರಜೆ ಪಡೆದು ಜಪಾನಿಗೆ ಹೋಗಿ, ಆ ದೇಶವು ಮೂರು ದಶಕಗಳ ಅವಧಿಯಲ್ಲಿ ಹಳೆಯ ಬದುಕಿನಿಂದ ಹೊಸ ಬದುಕಿಗೆ ದಾಟಿಕೊಂಡ ಬಗೆಯನ್ನು ಕಣ್ಣಾರೆ ಕಂಡು ಬಂದವರು. 1920ರಲ್ಲಿ ಪ್ರಕಟವಾದ ‘ರಿಕನ್‌ಸ್ಟ್ರಕ್ಟಿಂಗ್ ಇಂಡಿಯಾ’ ಗ್ರಂಥದಲ್ಲಿ ನಮ್ಮ ದೇಶದ ಸ್ಥಿತಿಯನ್ನು ತೂಗಿ ನೋಡುವಾಗಲೆಲ್ಲ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಅವರು ಮತ್ತೆ ಮತ್ತೆ ಇಟ್ಟದ್ದು ಜಪಾನನ್ನೇ. ಸೆಪ್ಟೆಂಬರ್ 15ರಂದು ಅವರ ಸಮಾಧಿಗೆ ಹಾರ ಹಾಕಿದ ಮೇಲೆ ನಡೆಯುವ ಭಾಷಣಗಳಲ್ಲಿ ಜಪಾನಿಯರ ಶಿಸ್ತು, ಜಪಾನಿಯರ ದುಡಿಮೆ, ಜಪಾನಿಯರ ಸಮಯಪಾಲನೆ ಎಂಬ ಮಾತುಗಳು ಇಂದಿಗೂ ಗೌರವದಿಂದ ಕೇಳಿಬರುತ್ತವೆ.

ಅಲ್ಲಿಂದ ರೇಷ್ಮೆಯ ಊರಾದ ಶಿಡ್ಲಘಟ್ಟದ ಕಡೆಗೆ ಹೋದರೆ ಎರಡನೆಯ ಜಪಾನೊಂದು ಎದುರಾಗುತ್ತದೆ. ಜಮ್ಷೆಡ್‌ಜಿ ಟಾಟಾ ಅವರು ಹತ್ತೊಂಬತ್ತನೆಯ ಶತಮಾನದ ಅಂತ್ಯದಲ್ಲಿ ಬೆಂಗಳೂರಿನಲ್ಲಿ ರೇಷ್ಮೆ ಕೃಷಿಕ್ಷೇತ್ರವನ್ನು ಸ್ಥಾಪಿಸಿದಾಗ ಅದರ ಉಸ್ತುವಾರಿಗೆ ಕರೆಸಿದ್ದು ಜಪಾನಿನ ತಜ್ಞರನ್ನು. ಆ ಕ್ಷೇತ್ರ ಹೋಗಿ ಬಡಾವಣೆ ಬಂದರೂ ‘ಟಾಟಾ ಸಿಲ್ಕ್ ಫಾರ್ಮ್’ ಎಂಬ ಹೆಸರು ಇನ್ನೂ ಉಳಿದಿದೆ. ತರುವಾಯ 1991ರಲ್ಲಿ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ ಜಪಾನಿನ ಸಹಕಾರದಿಂದ ಆರಂಭವಾದ ದ್ವಿತಳಿ ಯೋಜನೆಯ ಫಲವಾಗಿ ಸಿದ್ಧವಾದ ಬಿಳಿಯ ಗೂಡುಗಳು ಇಂದು ನಮ್ಮ ಸೀಮೆಯ ರೈತರ ಚಂದ್ರಿಕೆಗಳಲ್ಲಿ ಬೆಳೆದು ಮಾರುಕಟ್ಟೆಗೆ ಬರುತ್ತಿವೆ. ದ್ವಿತಳಿ ಗೂಡು ತಂದವನು ತಲೆ ಎತ್ತಿ ನಡೆಯುತ್ತಾನೆಯೇ ಹೊರತು ಅದರ ಹಿಂದೆ ಜಪಾನಿನ ವಿದ್ಯೆ ಇದೆಯೆಂದು ಯಾರೊಬ್ಬರೂ ಸಂಕೋಚಪಟ್ಟುದನ್ನು ನಾನು ಕಂಡಿಲ್ಲ.

ಆದರೆ ಇದೇ ಸೀಮೆಯಲ್ಲಿ ಮೂರನೆಯ ಜಪಾನೊಂದಿದೆ. ಅದು ಭಾಷಣಕ್ಕೆ ಬರುವುದಿಲ್ಲ, ಮಾರುಕಟ್ಟೆಗೂ ಬರುವುದಿಲ್ಲ. ಮನೆಮಂದಿಯೆಲ್ಲ ಮಲಗಿದ ಮೇಲೆ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಮೊಬೈಲಿನ ಬೆಳಕನ್ನು ಆದಷ್ಟು ಕುಗ್ಗಿಸಿಕೊಂಡು ನೋಡುವ ಜಪಾನ್ ಅದು. ಅನಿಮೆ ಎಂದು ಕರೆಯಲಾಗುವ ಆ ದೇಶದ ಚಲಿಸುವ ಚಿತ್ರಗಳನ್ನು ಪ್ರೀತಿಸುವ ವಯಸ್ಕರು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿಗಳಲ್ಲಿ ಇಲ್ಲವೆಂದು ತಿಳಿಯುವವರು ಬೆಳಗಿನ ಹೊತ್ತು ಬೆಂಗಳೂರಿಗೆ ಹೊರಡುವ ಬಸ್ಸುಗಳಲ್ಲಿ ಒಮ್ಮೆ ಪಯಣಿಸಬೇಕು. ದೇವನಹಳ್ಳಿಯ ವಿಮಾನನಿಲ್ದಾಣಕ್ಕೂ ಅದರಾಚೆಯ ಕಚೇರಿಗಳಿಗೂ ಕೆಲಸಕ್ಕೆ ಹೋಗುವ ಯುವಕ ಯುವತಿಯರ ಅಂಗೈಯಲ್ಲಿ, ಕತ್ತಿ ಹಿಡಿದ ಬಾಲಕನೋ ಮಳೆಯಲ್ಲಿ ನಿಂತ ಹುಡುಗಿಯೋ ಕ್ಷಣಕಾಲ ಹೊಳೆದು, ಪಕ್ಕದವರು ಕತ್ತು ಹೊರಳಿಸಿದೊಡನೆಯೇ ಆ ಚಿತ್ರ ಮಾಯವಾಗಿ ಅದರ ಜಾಗದಲ್ಲಿ ಕ್ರಿಕೆಟ್ ಅಂಕಪಟ್ಟಿ ಪ್ರತ್ಯಕ್ಷವಾಗುವುದನ್ನು ಅಲ್ಲಿ ನೋಡಬಹುದು. ಮದುವೆಯಾದವರಿಗೆ ಮಕ್ಕಳ ನೆಪವಿರುತ್ತದೆ. ಮದುವೆಯಾಗದವರಿಗೆ ಅಕ್ಕನ ಮಕ್ಕಳ ನೆಪವಿರುತ್ತದೆ. ಮುದ್ದೇನಹಳ್ಳಿಯ ತಾಂತ್ರಿಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರದಂತಹ ಸ್ಥಳಗಳಲ್ಲಿ ಓದುವಾಗ ಹಾಸ್ಟೆಲಿನಲ್ಲಿ ನಿರ್ಭಯವಾಗಿ ನಾಲ್ಕು ಜನ ಕೂಡಿ ನೋಡಿದವರೂ, ಕೆಲಸ ಸಿಕ್ಕಿ, ಹೆಣ್ಣು ನೋಡುವ ಮಾತು ಎದ್ದೊಡನೆ, ಆ ಅಭಿರುಚಿಯನ್ನು ಪೆಟ್ಟಿಗೆಗೆ ಹಾಕಿ ಬೀಗ ಹಾಕುತ್ತಾರೆ. ಈ ಲೇಖಕನೂ ಆ ಗುಂಪಿಗೆ ಸೇರಿದವನೇ ಆದುದರಿಂದ ಇಲ್ಲಿ ಹೇಳುವುದು ಹೊರಗಿನವನ ವಿಮರ್ಶೆಯಲ್ಲ.

ಈ ಅಭಿರುಚಿ ನಮ್ಮಲ್ಲಿಗೆ ಬಂದ ದಾರಿಯನ್ನು ನೋಡಿದರೆ ಅದು ಮೊದಲಿನಿಂದಲೂ ವೇಷ ಮರೆಸಿಕೊಂಡೇ ಬಂದಿತೆನ್ನಬಹುದು. ತೊಂಬತ್ತರ ದಶಕದ ಭಾನುವಾರಗಳಲ್ಲಿ ದೂರದರ್ಶನವು ‘ಜಂಗಲ್ ಬುಕ್’ ಎಂಬ ಧಾರಾವಾಹಿಯನ್ನು ಬಿತ್ತರಿಸಿದಾಗ, ಗುಲ್ಜಾರರು ಬರೆದು ವಿಶಾಲ್ ಭಾರದ್ವಾಜರು ರಾಗ ಹಾಕಿದ ಅದರ ಹಿಂದಿ ಹಾಡನ್ನು ಅರ್ಥವಾಗದೆಯೂ ಹಾಡಿಕೊಂಡು ತಿರುಗಿದ ನಮ್ಮ ಊರುಗಳ ಮಕ್ಕಳಿಗೆ, ಆ ಮೋಗ್ಲಿಯನ್ನು ಬರೆದವರು ಜಪಾನಿನ ಕಲಾವಿದರೆಂಬುದು ಗೊತ್ತಿರಲಿಲ್ಲ. ಅದು 1989ರಲ್ಲಿ ನಿಪ್ಪಾನ್ ಅನಿಮೇಷನ್ ಸಂಸ್ಥೆ ತಯಾರಿಸಿದ ಕೃತಿ. 2004ರಲ್ಲಿ ಅನಿಮ್ಯಾಕ್ಸ್ ವಾಹಿನಿ ಭಾರತಕ್ಕೆ ಬಂದಿತು. ಡೋರೆಮಾನ್, ಶಿನ್‌ಚಾನ್‌ಗಳು ಮನೆಮನೆಗೂ ಹೊಕ್ಕವು. ಆ ಬಳಿಕ ಅಂಗೈಯೊಳಗಿನ ಯಂತ್ರವೇ ಚಿತ್ರಮಂದಿರವಾಯಿತು. ನಮ್ಮ ಸೀಮೆಯ ವಿಶೇಷವೊಂದನ್ನು ಇಲ್ಲಿ ಹೇಳಬೇಕು. ಕೈವಾರದ ತಾತಯ್ಯನವರು ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಪದಗಳನ್ನು ಕಟ್ಟಿ ಹಾಡಿದ ನಾಡು ಇದು. ಅಂಗಡಿಯಲ್ಲಿ ಕನ್ನಡ, ಅಡುಗೆಮನೆಯಲ್ಲಿ ತೆಲುಗು ಎಂಬುದು ಇಲ್ಲಿನ ಎಷ್ಟೋ ಮನೆಗಳ ರೂಢಿ. ಆದಕಾರಣ, 2025ರ ಸೆಪ್ಟೆಂಬರಿನಲ್ಲಿ ‘ಡೀಮನ್ ಸ್ಲೇಯರ್’ ಮಾಲೆಯ ‘ಇನ್‌ಫಿನಿಟಿ ಕ್ಯಾಸಲ್’ ಚಿತ್ರವು ಹಿಂದಿ, ತಮಿಳು, ತೆಲುಗುಗಳಲ್ಲಿ ಮಾತಾಡಿ ಕನ್ನಡದಲ್ಲಿ ಮಾತ್ರ ಮಾತಾಡದೆ ಹೋದಾಗ, ನಮ್ಮವರಿಗೆ ಕಥೆ ತಿಳಿಯುವುದಕ್ಕೆ ಅಡ್ಡಿಯೇನೂ ಆಗಲಿಲ್ಲ.

ಆದರೆ ಕನ್ನಡಕ್ಕೆ ಅಡ್ಡಿಯಾಯಿತು. ಅರವತ್ತರ ದಶಕದಿಂದ ಕನ್ನಡ ಚಿತ್ರರಂಗದಲ್ಲಿ ಡಬ್ಬಿಂಗ್ ಬೇಡವೆಂಬ ಕಟ್ಟು ಅಲಿಖಿತವಾಗಿಯೇ ನಡೆದುಬಂದು, 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಆ ತಡೆಯ ವಿರುದ್ಧ ಆದೇಶ ನೀಡುವವರೆಗೂ ಬಿಗಿಯಾಗಿಯೇ ಇತ್ತು. ಆ ನಡುವೆ, 2009ರಲ್ಲಿ ಚಿಂಟು ಟಿವಿ ಎಂಬ ಮಕ್ಕಳ ವಾಹಿನಿ ಬಂದಾಗ ಕಾರ್ಟೂನುಗಳು ಕನ್ನಡ ಮಾತಾಡಿದವಷ್ಟೆ. ಅರ್ಥಾತ್, ಬರೆದ ಚಿತ್ರವು ಕನ್ನಡದಲ್ಲಿ ಬಾಯಿ ತೆರೆದುದು ಮಕ್ಕಳ ಮುಂದೆ ಮಾತ್ರ. ದೊಡ್ಡವರಿಗಾಗಿ ಮಾಡಿದ ಕೃತಿಗಳು ಪರಭಾಷೆಯಲ್ಲಿಯೇ ಉಳಿದುಕೊಂಡುವು. ಹಾಗಿರುವಲ್ಲಿ, ಬೊಂಬೆಚಿತ್ರವೆಂದರೆ ಮಕ್ಕಳದ್ದು ಎಂದು ಹಿರಿಯರೊಬ್ಬರು ನಗೆಯಾಡಿದರೆ, ಅವರು ನೋಡಿದ ಮಟ್ಟಿಗೆ ಆ ಮಾತು ಸತ್ಯವೇ ಆಗಿದೆ, ಅವರನ್ನು ದೂಷಿಸಲಾಗದು.

ಆದಾಗ್ಯೂ, ಬರೆದ ಆಕೃತಿ ಚಲಿಸಿದರೆ ಅದು ಮಕ್ಕಳಾಟವೆಂಬ ನಿಯಮವನ್ನು ನಮ್ಮ ಪೂರ್ವಿಕರು ಎಂದೂ ಒಪ್ಪಿರಲಿಲ್ಲವೆಂಬುದನ್ನು ನೆನೆಯತಕ್ಕದ್ದು. ಹದಮಾಡಿದ ಚರ್ಮವನ್ನು ಬೆಳಕು ತೂರುವಷ್ಟು ತೆಳುವಾಗಿಸಿ, ಅದರ ಮೇಲೆ ರಾಮನನ್ನೂ ರಾವಣನನ್ನೂ ಬರೆದು, ಬಣ್ಣ ಹಚ್ಚಿ, ಬಿಳಿಯ ಪರದೆಯ ಹಿಂದೆ ದೀಪವಿಟ್ಟು ಆಡಿಸುತ್ತಿದ್ದ ತೊಗಲುಬೊಂಬೆಯಾಟವನ್ನು ರಾತ್ರಿಯಿಡೀ ಕುಳಿತು ನೋಡಿದವರು ಊರಿನ ಹಿರಿಯರು. ಮಕ್ಕಳು ಅಲ್ಲಿಯೇ ಚಾಪೆಯ ಮೇಲೆ ನಿದ್ದೆಹೋಗುತ್ತಿದ್ದರು. ಬರಗಾಲದಲ್ಲಿ ಮಳೆ ಬರಲೆಂದು ಆಡಿಸುತ್ತಿದ್ದ ಆಟ ಅದು, ಬಾಲಲೀಲೆಯಲ್ಲ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಾಗ ಸಂತೋಷಪಟ್ಟ ನಾವು, ಅವರು ಜೀವಮಾನವೆಲ್ಲ ಮಾಡಿದ ಕೆಲಸವೂ ಚಿತ್ರಕ್ಕೆ ಚಲನೆ ಕೊಡುವುದೇ ಎಂಬುದನ್ನು ಗಮನಿಸಿದಂತೆ ತೋರುವುದಿಲ್ಲ.

ತೊಗಲುಬೊಂಬೆ, ಅನಿಮೆ ಎಂಬ ಈ ಎರಡು ಕಲೆಗಳ ನಡುವೆ ಆಕಸ್ಮಿಕವಲ್ಲದ ಒಂದು ಸಾಮ್ಯವೂ ಇದೆ. ಜಪಾನಿನ ಒಸಾಮು ತೆಜುಕಾ ಅವರು 1963ರ ಜನವರಿ 1ರಂದು ‘ಆಸ್ಟ್ರೋ ಬಾಯ್’ ಧಾರಾವಾಹಿಯನ್ನು ಟೆಲಿವಿಷನ್ನಿಗೆ ತಂದಾಗ ಅವರಲ್ಲಿ ಹಣವೂ ಸಮಯವೂ ಸಾಲದಾಗಿದ್ದುವು. ಸೆಕೆಂಡಿಗೆ 24 ಚೌಕಟ್ಟುಗಳು ಓಡುವ ಫಿಲ್ಮಿನಲ್ಲಿ ಒಂದೊಂದು ಚಿತ್ರವನ್ನೂ ಮೂರು ಚೌಕಟ್ಟುಗಳ ಕಾಲ ನಿಲ್ಲಿಸಿದರೆ 8 ಚಿತ್ರಗಳಲ್ಲಿ ಕೆಲಸ ಮುಗಿಯುತ್ತದೆ. ಮುಖವನ್ನು ಅಚಲವಾಗಿಟ್ಟು ತುಟಿಯನ್ನಷ್ಟೇ ಆಡಿಸಿದರೆ ಇನ್ನೂ ಉಳಿತಾಯ. ಬಡತನದಿಂದ ಹುಟ್ಟಿದ ಈ ಮಿತವ್ಯಯವು ಕ್ರಮೇಣ ಒಂದು ಶೈಲಿಯಾಗಿ, ನಿಶ್ಚಲವಾದ ಮುಖದ ಮೇಲೆ ನೋಡುವವನೇ ಭಾವವನ್ನು ತುಂಬಿಕೊಳ್ಳುವಂತಾಯಿತು. ಒಂದೆರಡು ಕೀಲುಗಳಷ್ಟೇ ಅಲುಗಾಡುವ ತೊಗಲಿನ ಸೀತೆಯ ಮುಂದೆ ಕಣ್ಣೀರಿಟ್ಟ ನಮ್ಮ ಅಜ್ಜಿಯರಿಗೆ ಈ ಗುಟ್ಟು ಮೊದಲೇ ಗೊತ್ತಿತ್ತು.

ಇನ್ನು ವಸ್ತುವಿನ ಮಾತು. ಇಸಾವೊ ತಕಹಾತಾ ಅವರ 1991ರ ಚಿತ್ರವೊಂದಿದೆ, ‘ಓನ್ಲಿ ಯೆಸ್ಟರ್ಡೇ’ ಎಂಬ ಹೆಸರಿನದು. ಟೋಕಿಯೋದ ಕಚೇರಿಯೊಂದರಲ್ಲಿ ದುಡಿಯುವ, ಇನ್ನೂ ಮದುವೆಯಾಗದ ಇಪ್ಪತ್ತೇಳು ವರ್ಷದ ಹೆಣ್ಣುಮಗಳು ರಜೆಯಲ್ಲಿ ಹಳ್ಳಿಗೆ ಹೋಗಿ ಕುಸುಬೆಯ ಹೂವನ್ನು ಬಿಡಿಸುತ್ತ, ತನ್ನ ಹತ್ತನೆಯ ವಯಸ್ಸಿನ ದಿನಗಳನ್ನು ನೆನೆಯುವುದೇ ಅದರ ಕಥೆ. ಅದರಲ್ಲಿ ಒಂದು ಪ್ರಸಂಗ. ಮನೆಗೆ ಮೊದಲ ಬಾರಿಗೆ ಒಂದು ತಾಜಾ ಅನಾನಸ್ ಹಣ್ಣು ಬಂದಿದೆ. ಅದನ್ನು ಹೇಗೆ ಕೊಯ್ಯಬೇಕೆಂದು ಯಾರಿಗೂ ತಿಳಿಯದು. ವಿಧಾನ ಗೊತ್ತಾದ ಮೇಲೆ ತಾಯಿ ಕೊಯ್ದು ಹಂಚುತ್ತಾಳೆ. ಅಪ್ಪ, ಅಜ್ಜಿ, ಅಕ್ಕಂದಿರು ಎಲ್ಲರೂ ಒಂದೊಂದು ತುಂಡು ಬಾಯಿಗಿಟ್ಟುಕೊಂಡು ಸುಮ್ಮನಾಗುತ್ತಾರೆ. ಹಣ್ಣು ಗಟ್ಟಿ, ರುಚಿ ಸಪ್ಪೆ. ಬಾಳೆಹಣ್ಣೇ ವಾಸಿ ಎಂಬ ತೀರ್ಮಾನವಾಗುತ್ತದೆ. ಆಸೆಪಟ್ಟು ಕಾದಿದ್ದ ಕಿರಿಯವಳು ಮಾತ್ರ, ಒಪ್ಪಿಕೊಳ್ಳಲಾರದೆ, ಇತರರು ಬಿಟ್ಟ ಹೋಳುಗಳನ್ನೂ ಹಟದಿಂದ ಅಗಿಯುತ್ತ ಕೂರುತ್ತಾಳೆ. ಇಷ್ಟೇ. ಇಲ್ಲಿ ರಾಕ್ಷಸನಿಲ್ಲ, ಯುದ್ಧವಿಲ್ಲ, ಮಕ್ಕಳನ್ನು ನಗಿಸುವ ಜಾರಿಬೀಳುವಿಕೆಯೂ ಇಲ್ಲ. ಹತ್ತು ವರ್ಷದ ಬಾಲಕನನ್ನು ಈ ಚಿತ್ರದ ಮುಂದೆ ಕೂರಿಸಿದರೆ ಅವನು ಎದ್ದು ಆಟಕ್ಕೆ ಓಡುವುದು ಖಂಡಿತ. ಆಸೆಪಟ್ಟದ್ದು ಕೈಗೆ ಬಂದ ಮೇಲೆ ಸಪ್ಪೆಯಾಗುವುದನ್ನು ಬದುಕಿನಲ್ಲಿ ಒಮ್ಮೆಯಾದರೂ ಕಂಡವನಿಗೆ ಅದು ಮೀಸಲು.

ಹಯಾವೊ ಮಿಯಾಜಾಕಿ ಅವರ 2013ರ ‘ದಿ ವಿಂಡ್ ರೈಸಸ್’ ಚಿತ್ರವನ್ನಂತೂ ಇಂಜಿನಿಯರುಗಳ ಊರೆನಿಸಿದ ಮುದ್ದೇನಹಳ್ಳಿಯಲ್ಲಿ ಬಹಿರಂಗವಾಗಿಯೇ ತೋರಿಸಬೇಕೆಂದು ನನ್ನ ಅಭಿಮತ. ಅದರ ನಾಯಕ ಜಿರೊ ಹೊರಿಕೋಶಿ ಎಂಬ ನಿಜವಾದ ವಿಮಾನ ವಿನ್ಯಾಸಕಾರ. ಅಂದವಾದ ಯಂತ್ರವನ್ನು ಕಟ್ಟಬೇಕೆಂಬ ನಿಷ್ಕಲ್ಮಷ ಸ್ವಪ್ನವು ಕೊನೆಗೆ ಯುದ್ಧವಿಮಾನವಾಗಿ ಪರಿಣಮಿಸಿ, ಹೋದ ವಿಮಾನಗಳಲ್ಲಿ ಒಂದೂ ಹಿಂದಿರುಗದ ದಿನ ಬಂದಾಗ, ವಿದ್ಯೆಗೆ ತನ್ನ ಫಲದ ಹೊಣೆ ಎಷ್ಟು ಎಂಬ ಪ್ರಶ್ನೆಯನ್ನು ಅದು ಉತ್ತರವಿಲ್ಲದೆ ನಮ್ಮೆದುರಿಗಿಡುತ್ತದೆ. ತಾಂತ್ರಿಕ ಶಿಕ್ಷಣ ಪಡೆಯುವ ಪ್ರತಿಯೊಬ್ಬರೂ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಅದನ್ನು ಕಂಬಳಿಯೊಳಗೆ ಕದ್ದು ನೋಡಬೇಕಾಗಿ ಬಂದಿರುವುದು ವಿಪರ್ಯಾಸ.

ಕದ್ದು ಸವಿಯುವುದು ನಮಗೆ ಹೊಸತೇನಲ್ಲ. ನೂರು ವರ್ಷಗಳ ಹಿಂದೆ ಕಾದಂಬರಿ ಓದುವುದೇ ಕೆಟ್ಟ ಚಾಳಿಯೆನಿಸಿತ್ತು; ಗಳಗನಾಥರು ತಮ್ಮ ಪುಸ್ತಕಗಳನ್ನು ತಲೆಯ ಮೇಲೆ ಹೊತ್ತು ಮಾರಿದ ಕಾಲದಲ್ಲಿ, ಕೊಂಡವರಲ್ಲಿ ಕೆಲವರಾದರೂ ಅವನ್ನು ಪಂಚಾಂಗದ ಅಡಿಯಲ್ಲಿ ಬಚ್ಚಿಟ್ಟಿರಬೇಕು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಬೀಜಗಣಿತದ ಪುಸ್ತಕದೊಳಗೆ ಸೇರಿಸಿ ಓದಿದವರು ಮುಂದೆ ಅಧ್ಯಾಪಕರೂ ಅಧಿಕಾರಿಗಳೂ ಆಗಿ, ಈಗ ಆ ಸಾಹಸವನ್ನು ಸಭೆಗಳಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. 1949ರಲ್ಲಿ ಕನ್ನಡಕ್ಕೆ ಬಂದ ‘ಚಂದಮಾಮ’ವನ್ನು ಮಕ್ಕಳ ಹೆಸರಿನಲ್ಲಿ ತರಿಸಿ, ಮಕ್ಕಳಿಗಿಂತ ಮೊದಲು ತಾವೇ ಬೇತಾಳನ ಕಥೆಯನ್ನು ಮುಗಿಸಿಬಿಡುತ್ತಿದ್ದ ಗೃಹಸ್ಥರು ಬೀದಿಗೆ ನಾಲ್ವರಿದ್ದರು. ಅಷ್ಟೇಕೆ, ಸ್ವತಃ ಜಪಾನಿನಲ್ಲಿಯೂ ಈ ಸಂಕೋಚವಿದೆ. ಅಲ್ಲಿ 1989ರಲ್ಲಿ ಬಾಲಕಿಯರ ಕೊಲೆಗಾರನೊಬ್ಬನ ಕೋಣೆಯಲ್ಲಿ ವಿಡಿಯೋ ಕ್ಯಾಸೆಟ್ಟುಗಳ ರಾಶಿ ಕಂಡುಬಂದ ಮೇಲೆ, ಇಂತಹ ಚಿತ್ರಗಳ ಮೋಹಿಗಳೆಲ್ಲರ ಮೇಲೂ ಬಹುಕಾಲ ಸಂದೇಹದ ನೆರಳು ಬಿತ್ತು. ತಮ್ಮ ಪ್ರೀತಿಯನ್ನು ಕಚೇರಿಯಲ್ಲಿ ಹೊರಗೆಡಹದೆ ಬಾಳುವವರು ಅಲ್ಲಿ ಇಂದಿಗೂ ಇದ್ದಾರೆ. ಪುಸ್ತಕದಂಗಡಿಯವನು ಕೊಂಡ ಪುಸ್ತಕಕ್ಕೆ ಕಾಗದದ ಹೊದಿಕೆ ಹಾಕಿಕೊಡುವುದು ಆ ದೇಶದ ಪದ್ಧತಿ. ರೈಲಿನಲ್ಲಿ ಎದುರು ಕುಳಿತವನು ಓದುತ್ತಿರುವುದು ದರ್ಶನಶಾಸ್ತ್ರವೋ ಚಿತ್ರಕಥೆಯೋ ಎಂಬುದು ಅದರಿಂದ ತಿಳಿಯುವುದಿಲ್ಲ.

ಮರೆಯೆಲ್ಲವೂ ದೋಷವೆಂದು ನಾನು ಹೇಳಲಾರೆ. ಅನಿಮೆ ಎಂಬ ಹೆಸರಿನ ಕೆಳಗೆ ರಕ್ತಪಾತವೂ ಇದೆ, ಅಸಭ್ಯವೂ ಇದೆ, ಸಂತೆಗಾಗಿ ಅವಸರದಲ್ಲಿ ಹೊಸೆದ ಜೊಳ್ಳೂ ಹೇರಳವಾಗಿದೆ. ಅಂತಹುದನ್ನು ಮಕ್ಕಳ ಮುಂದೆ, ತಾಯಿತಂದೆಯರ ಮುಂದೆ ಹರಡಿಕೊಂಡು ಕೂರದಿರುವುದು ಮರ್ಯಾದೆಯೇ ಸರಿ. ಇನ್ನು, ತನಗೆ ಪ್ರಿಯವಾದುದನ್ನು ಸಿಕ್ಕಸಿಕ್ಕವರ ಕಿವಿಯಲ್ಲಿ ತುಂಬದಿರುವುದೂ, ಕಚೇರಿಯ ಮೇಜನ್ನು ಬೊಂಬೆಗಳಿಂದ ಅಲಂಕರಿಸದಿರುವುದೂ ಸಜ್ಜನರ ಸಂಯಮಕ್ಕೆ ಒಪ್ಪುವಂತಹುದು. ನನ್ನ ಆಕ್ಷೇಪವಿರುವುದು ಸಂಯಮದ ಮೇಲಲ್ಲ, ನಾಚಿಕೆಯ ಮೇಲೆ. ಅದೂ ನಾಚಿಕೆಯಿಂದ ಮನುಷ್ಯನಿಗೆ ಆಗುವ ಹಾನಿಗಾಗಿ ಅಲ್ಲ, ಅಭಿರುಚಿಗೆ ಆಗುವ ಹಾನಿಗಾಗಿ.

ನಮ್ಮ ಆಲಂಕಾರಿಕರು ಕಾವ್ಯದ ಪೂರ್ಣತೆಗೆ ಕವಿಯೊಬ್ಬನೇ ಸಾಲದು, ಸಹೃದಯನೂ ಬೇಕೆಂದರು. ಆ ಸಹೃದಯತೆ ಹುಟ್ಟಿನಿಂದ ಬರುವುದಲ್ಲ. ನಾಲ್ವರೊಡನೆ ಕೂತು, ಇದು ಹಿಡಿಸಿತು, ಇದು ಹಿಡಿಸಲಿಲ್ಲ, ಯಾಕೆ ಹಿಡಿಸಲಿಲ್ಲ ಎಂದು ವಾದಿಸಿ, ಸೋತು, ಮತ್ತೆ ನೋಡಿ ಬೆಳೆಸಿಕೊಳ್ಳಬೇಕಾದುದು. ಮರದ ನೆರಳಿನಲ್ಲಿ ಬೆಳೆದ ಹಿಪ್ಪುನೇರಳೆ ಸೊಪ್ಪು ನೋಡಲು ಹಸುರಾಗಿಯೇ ಇದ್ದರೂ ಅದನ್ನು ತಿಂದ ಹುಳು ಗಟ್ಟಿ ಗೂಡು ಕಟ್ಟುವುದಿಲ್ಲವೆಂಬುದನ್ನು ಶಿಡ್ಲಘಟ್ಟದ ಯಾವ ರೈತನಾದರೂ ಹೇಳುತ್ತಾನೆ. ಏಕಾಂತದಲ್ಲಿಯೇ ಬೆಳೆದ ರುಚಿಯ ಗತಿಯೂ ಅದೇ. ಗುಟ್ಟಾಗಿ ನೋಡುವವನು ಯಂತ್ರವು ಮುಂದೆ ತಳ್ಳಿದುದನ್ನೆಲ್ಲ ನೋಡುತ್ತಾನೆ. ತಕಹಾತಾ ಅವರ ಕೃತಿಗೂ ಸಾವಿರ ಸಂಚಿಕೆಗಳ ಹೊಡೆದಾಟಕ್ಕೂ ಅವನಲ್ಲಿ ಒಂದೇ ಮಣೆ. ಇದು ಒಳ್ಳೆಯದು, ಇದು ಬೇಡ ಎಂದು ಹೇಳುವ ಜೊತೆಗಾರನಿಲ್ಲದುದರಿಂದ ಹತ್ತು ವರ್ಷ ನೋಡಿದರೂ ಅವನ ವಿವೇಚನೆ ಮೊದಲ ವರ್ಷದಲ್ಲಿದ್ದಲ್ಲಿಯೇ ಇರುತ್ತದೆ. ಹಿರಿಯರು ಯಾವುದನ್ನು ಬಾಲಿಶವೆಂದು ಹಳಿದರೋ ಅದು ಆತನ ಗುಟ್ಟಿನ ದೆಸೆಯಿಂದಲೇ ಬಾಲಿಶವಾಗಿ ಉಳಿಯುತ್ತದೆ.

ಜೊತೆಗಾರರು ಎಲ್ಲಿ ಸಿಗುವರೆಂಬ ಚಿಂತೆಯೂ ಅನಾವಶ್ಯಕ. ಚಿಕ್ಕಬಳ್ಳಾಪುರದಿಂದ ಹೊರಟ ಬಸ್ಸಿನಲ್ಲಿ ಒಂದು ಬೆಳಿಗ್ಗೆ ನನ್ನ ಮುಂದಿನ ಆಸನದಲ್ಲಿ ಕುಳಿತಿದ್ದ ಯುವಕನ ಮೊಬೈಲಿನೊಳಗೆ ಪಕ್ಕದ ಅಜ್ಜಿಯೊಬ್ಬರು ಬಹಳ ಹೊತ್ತಿನಿಂದ ಇಣುಕುತ್ತಿದ್ದರು. ಅವನಿಗೆ ಅದು ಗೊತ್ತಾಗುವಷ್ಟರಲ್ಲಿ ಕಾಲ ಮಿಂಚಿತ್ತು.

“ಇಷ್ಟು ದೊಡ್ಡೋನಾಗಿ ಬೊಂಬೆ ನೋಡ್ತಾ ಕೂತಿದೀಯಲ್ಲಪ್ಪಾ?”

“ಇಲ್ಲಜ್ಜೀ, ನಮ್ಮಕ್ಕನ ಮಗ ಹಾಕಿದ್ದ, ಹಂಗೇ ಓಡ್ತಾ ಇದೆ.”

“ಇರ್ಲಿ ಬಿಡು. ಆ ಮಗೂ ಅಪ್ಪ ಅಮ್ಮ ಹಂದಿ ಆಗೋದ್ರಲ್ಲ, ಯಾಕೆ?”

ಚಿತ್ರ ಮಿಯಾಜಾಕಿ ಅವರ ‘ಸ್ಪಿರಿಟೆಡ್ ಅವೇ’. 2001ರಲ್ಲಿ ತೆರೆಕಂಡು, ಬರ್ಲಿನ್ನಿನ ಸ್ವರ್ಣ ಕರಡಿಯನ್ನೂ 2003ರಲ್ಲಿ ಆಸ್ಕರ್ ಪ್ರಶಸ್ತಿಯನ್ನೂ ಪಡೆದ ಕೃತಿ. ಯುವಕ ಸಂಕೋಚದಿಂದಲೇ ವಿವರಿಸಿದ: ಆ ತಂದೆತಾಯಿ ದಾರಿ ತಪ್ಪಿ ಒಂದು ನಿರ್ಜನ ಪೇಟೆಗೆ ಬಂದಿದ್ದಾರೆ, ಅಲ್ಲಿ ಅಂಗಡಿಯಲ್ಲಿಟ್ಟಿದ್ದ ಊಟವನ್ನು ಯಾರನ್ನೂ ಕೇಳದೆ ತಿಂದಿದ್ದಾರೆ, ಅದು ದೇವತೆಗಳಿಗೆಂದು ಇಟ್ಟದ್ದು.

“ಇನ್ನೇನಾಗುತ್ತೆ ಮತ್ತೆ,” ಎಂದರು ಅಜ್ಜಿ, ಇದರಲ್ಲಿ ಆಶ್ಚರ್ಯವೇನೂ ಇಲ್ಲವೆಂಬಂತೆ. “ದೇವ್ರಿಗಿಟ್ಟ ಎಡೆ ಮುಟ್ಟಿದ್ರೆ ಸುಮ್ನೆ ಬಿಡ್ತಾರಾ? ಆಮೇಲೆ ಮಗೂ ಏನು ಮಾಡ್ತು?”

ದೇವನಹಳ್ಳಿಯಲ್ಲಿ ಇಳಿಯುವವರೆಗೂ ಅವನು ಕಥೆ ಹೇಳಬೇಕಾಯಿತು. ಬರ್ಲಿನ್ನಿನ ವಿದ್ವಾಂಸರು ಜಪಾನಿನ ನಂಬಿಕೆಗಳನ್ನು ಅಭ್ಯಾಸ ಮಾಡಿ ತಿಳಿಯಬೇಕಾದುದನ್ನು ನಮ್ಮ ಸೀಮೆಯ ಅಜ್ಜಿ ಎಡೆಯಿಟ್ಟ ಅನುಭವದಿಂದಲೇ ತಿಳಿದುಬಿಟ್ಟಿದ್ದರು. ಆ ಯುವಕನಿಗೆ ಅದುವರೆಗೆ ಮಾಯಾಲೋಕದ ವಿನೋದವಾಗಿ ಕಂಡಿದ್ದ ದೃಶ್ಯಕ್ಕೆ ಅವರು ಧರ್ಮದ ತೂಕ ಕೊಟ್ಟರು.

ಇದು ಹೊಸ ಸಂಬಂಧವೂ ಅಲ್ಲ. ಯೂಗೊ ಸಾಕೊ ಎಂಬ ಜಪಾನಿನ ನಿರ್ದೇಶಕರು ನಮ್ಮ ರಾಮ್ ಮೋಹನರೊಡಗೂಡಿ, ದೇವರನ್ನು ಮನುಷ್ಯನಟರಿಂದ ಆಡಿಸುವುದಕ್ಕಿಂತ ಚಿತ್ರದಲ್ಲಿ ಬರೆಯುವುದೇ ಯೋಗ್ಯವೆಂದು ನಂಬಿ, ತೊಂಬತ್ತರ ದಶಕದ ಮೊದಲಲ್ಲಿ ರಾಮಾಯಣವನ್ನು ಅನಿಮೆಯಾಗಿ ರೂಪಿಸಿದರು. ಅದು 2025ರ ಜನವರಿಯಲ್ಲಿ ಭಾರತದ ಚಿತ್ರಮಂದಿರಗಳಿಗೆ ಬಂದಿತು. ಅದೇ ವರ್ಷದ ಜುಲೈನಲ್ಲಿ ಹೊಂಬಾಳೆ ಸಂಸ್ಥೆ ಅರ್ಪಿಸಿದ ‘ಮಹಾವತಾರ ನರಸಿಂಹ’ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ತೆರೆಕಂಡಾಗ, ಮೊಮ್ಮಕ್ಕಳ ಕೈಹಿಡಿದು ಹೋದ ತಾತಂದಿರು ಕೈಮುಗಿದು ನೋಡಿದರು. ಬೊಂಬೆಚಿತ್ರ ನೋಡಿದಿರಾ ಎಂದು ಯಾರೂ ಅವರನ್ನು ಹಂಗಿಸಲಿಲ್ಲ. ಭಕ್ತಿಯ ಆಸರೆಯೊಂದಿದ್ದರೆ ನಮ್ಮ ಸಮಾಜವು ಬರೆದ ಚಿತ್ರವನ್ನು ದೊಡ್ಡವರಿಗೂ ಮಂಜೂರು ಮಾಡುತ್ತದೆ. ಕರುಣೆಯ ಆಸರೆ, ವಿವೇಕದ ಆಸರೆ, ಶುದ್ಧ ಸೌಂದರ್ಯದ ಆಸರೆಗಳೂ ಅದಕ್ಕೆ ಸಮಾನವೇ ಎಂಬುದನ್ನು ಒಪ್ಪಿಸುವ ಕೆಲಸವಷ್ಟೇ ಉಳಿದಿದೆ. ಅದು ವಾದದಿಂದ ಆಗುವ ಕೆಲಸವಲ್ಲ. ಒಂದು ಒಳ್ಳೆಯ ಚಿತ್ರವನ್ನು ಆರಿಸಿ, ಮನೆಯ ಹಿರಿಯರೊಬ್ಬರ ಪಕ್ಕದಲ್ಲಿ ಕುಳಿತು, ಅವರ ಪ್ರಶ್ನೆಗಳಿಗೆ ತೆಲುಗಿನಲ್ಲಿಯೋ ಕನ್ನಡದಲ್ಲಿಯೋ ಉತ್ತರ ಹೇಳುತ್ತ ನೋಡುವುದರಿಂದ ಆಗತಕ್ಕದ್ದು. ಪರದೇಶದಲ್ಲಿ ಕಂಡ ಒಳ್ಳೆಯದನ್ನು ನಾಡಿಗೆ ತಂದು, ಹತ್ತು ಜನರ ನಡುವೆ ಇಟ್ಟು, ಬಳಸಬಹುದಾದುದನ್ನು ಬಳಸಿಕೊಳ್ಳಬೇಕೆಂಬುದು ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಮಹನೀಯರೇ ತೋರಿದ ಕ್ರಮ. ಸಿಮೆಂಟು ಉಕ್ಕುಗಳಿಗೆ ಒಪ್ಪಿದ ಆ ಕ್ರಮವು ಕಥೆಗೂ ಚಿತ್ರಕ್ಕೂ ಒಪ್ಪದಿರಲು ಕಾರಣವೇನೂ ನನಗೆ ತೋರುವುದಿಲ್ಲ.